ಆರ್ಡರ್ ಬಾರದ ಪೋಸ್ಟಿಂಗ್

ಫೌಜಿಯ ಮನೆಯಲ್ಲಿ ‘ಎಲ್ಲಿ ಇರೋಣ’ ಎಂಬ ಮಾತೇ ಹುಟ್ಟುವುದಿಲ್ಲ. ಪೋಸ್ಟಿಂಗ್ ಆರ್ಡರ್ ಬಂತೆಂದರೆ ಕಪ್ಪು ಟ್ರಂಕಿನ ಮೇಲಿನ ಹಳೆಯ ಯೂನಿಟ್ಟಿನ ಹೆಸರಿಗೆ ಬಣ್ಣ ಬಳಿದು ಹೊಸದನ್ನು ಬರೆಯಬೇಕು, ಮಕ್ಕಳ ಟಿ.ಸಿ. ತೆಗೆಸಬೇಕು, ಗ್ಯಾಸ್ ಸಿಲಿಂಡರ್ ಒಪ್ಪಿಸಬೇಕು, ಹೊರಡಬೇಕು. ಹೊಸ ಊರು ಇಷ್ಟವೋ ಎಂದು ಯಾರೂ ಕೇಳುವುದಿಲ್ಲ. ಬಯ್ಯಬೇಕೆನಿಸಿದರೆ ‘ಮೇಲಿನವರು’ ಎಂಬ ಮುಖವಿಲ್ಲದ ಜನ ಇದ್ದಾರೆ, ಅವರಿಗೆ ಬೈದು ಚಪಾತಿ ಲಟ್ಟಿಸಲು ಕೂತರೆ ಆಯಿತು.

ನನ್ನ ಗಂಡ ತುಳುನಾಡಿನ ಮಿಜಾರಿನವರು. 1978ರಲ್ಲಿ ಬೆಂಗಳೂರಿನ ಎಂಇಜಿ ಸೆಂಟರಿಗೆ, ಅಂದರೆ ಮದ್ರಾಸ್ ಇಂಜಿನಿಯರ್ ಗ್ರೂಪಿಗೆ, ಸಿಪಾಯಿಯಾಗಿ ಸೇರಿ 2006ರಲ್ಲಿ ಸುಬೇದಾರರಾಗಿ ಹೊರಬಂದರು. ನಾನು ವೇಣೂರಿನವಳು, 1985ರಲ್ಲಿ ಮದುವೆಯಾಗಿ ಮಿಜಾರಿನ ಮನೆಯಲ್ಲಿ ಕೆಲವು ವರ್ಷ ಅತ್ತೆಯ ಕೈಕೆಳಗೆ, ಮತ್ತೆ ಉಳಿದ ವರ್ಷ ಕ್ವಾರ್ಟರ್ಸುಗಳಲ್ಲಿ. ನಿವೃತ್ತಿಯ ಕಾಗದ ಬಂದಾಗ ಮೊದಲ ಸಲ ನಮ್ಮ ಮುಂದೆ ಆ ಪ್ರಶ್ನೆ ನಿಂತಿತು. ಒಂದು ಕಡೆ ಮಿಜಾರಿನಲ್ಲಿ ಪಾಲಿಗೆ ಬರಬಹುದಾದ ಮುರಕಲ್ಲಿನ ಗುಡ್ಡೆ, ಸ್ವಲ್ಪ ಅಡಿಕೆ ತೋಟ, ಹಳೆ ಮನೆ. ಇನ್ನೊಂದು ಕಡೆ ಜೋಧ್‌ಪುರದ ಬನಾಡ್ ರಸ್ತೆಯ ಕಡೆ ಒಂದು ಪ್ಲಾಟ್. ಆ ಭಾಗದಲ್ಲಿ ಫೌಜಿನಿಂದ ಹೊರಬಂದವರು ಸಾಲಾಗಿ ಮನೆ ಕಟ್ಟಿಕೊಳ್ಳುತ್ತಿದ್ದರು. ಇವರಿಗೆ ಮಿಜಾರು ಬೇಕಿತ್ತು. ನನಗೆ ಜೋಧ್‌ಪುರ.

ಇದನ್ನು ಊರಲ್ಲಿ ಹೇಳಿದರೆ ಈಗಲೂ ನಂಬುವುದಿಲ್ಲ. ‘ಆ ಮರಳುಗಾಡಿನಲ್ಲಿ ಎಂಚಿನ ಉಂಡು ಮಾರಾಯ್ತಿ’ ಎನ್ನುತ್ತಾರೆ. ಏನಿತ್ತು ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪೋಸ್ಟಿಂಗ್ ಮೇಲೆ ನಾವು ಜೋಧ್‌ಪುರಕ್ಕೆ ಹೋದದ್ದು 1998ರ ಏಪ್ರಿಲಿನಲ್ಲಿ. ಮಂಗಳೂರಿನಿಂದ ಮುಂಬಯಿ, ಅಲ್ಲಿಂದ ಅಹಮದಾಬಾದ್, ಅಲ್ಲಿಂದ ರಾತ್ರಿಯ ಸೂರ್ಯನಗರಿ ಎಕ್ಸ್‌ಪ್ರೆಸ್. ಟ್ರಂಕಿನಲ್ಲಿ ಕುಚ್ಚಲಕ್ಕಿ, ಹುರುಳಿ, ಒಣ ಸಿಗಡಿ, ಮಿಜಾರು ಅಣ್ಣಪ್ಪನವರ ಹಾಸ್ಯವಿದ್ದ ತುಳು ಯಕ್ಷಗಾನದ ಕ್ಯಾಸೆಟ್ಟುಗಳು. ಸಿಗಡಿಯ ವಾಸನೆಗೆ ಇಡೀ ಬೋಗಿ ನಮ್ಮ ಕಡೆ ತಿರುಗಿ ಕೂತಿತ್ತು. ಅಬು ರೋಡ್ ದಾಟಿದ ಮೇಲೆ ಕಿಟಕಿಯಿಂದ ಬಂದ ಗಾಳಿಗೆ ಒದ್ದೆ ಬಟ್ಟೆ ಹಿಡಿದರೆ ಕ್ಷಣದಲ್ಲಿ ಒಣಗುತ್ತಿತ್ತು. ಆಷಾಢದಲ್ಲಿ ಮಕ್ಕಳ ಚಡ್ಡಿಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ಹೊಗೆ ವಾಸನೆಯಲ್ಲೇ ಶಾಲೆಗೆ ಕಳಿಸಿದವಳಿಗೆ ಅದೊಂದು ಸೌಭಾಗ್ಯವೇ.

ಹೋಗಿ ತಿಂಗಳಾಗುವಷ್ಟರಲ್ಲಿ, ಮೇ 11ರ ಸಂಜೆ, ಟಿವಿಯಲ್ಲಿ ವಾಜಪೇಯಿಯವರು ಬಂದು ಪೋಖರಣ್‌ನಲ್ಲಿ ಅಣುಪರೀಕ್ಷೆ ಆಗಿದೆ ಎಂದರು. ಪೋಖರಣ್ ನಮ್ಮಿಂದ ಸುಮಾರು 170 ಕಿಲೋಮೀಟರ್. ಕ್ವಾರ್ಟರ್ಸಿನಲ್ಲಿ ಲಡ್ಡು ಹಂಚಿದರು. ನಾನು ಮಾತ್ರ ನೀರಿನ ಡ್ರಮ್ಮಿನ ಮುಚ್ಚಳ ಸರಿಯಾಗಿದೆಯೋ ಎಂದು ನೋಡಿ ಬಂದೆ; ವಿಕಿರಣ ಎಂದರೆ ಧೂಳಿನ ಜಾತಿಯದ್ದು ಇರಬೇಕು ಎಂದುಕೊಂಡಿದ್ದೆ.

ಧೂಳಿನದೇ ಅಲ್ಲಿ ರಾಜ್ಯ. ಮೇ-ಜೂನಿನಲ್ಲಿ ಆಂಧಿ ಬರುತ್ತದೆ. ಪಶ್ಚಿಮದಿಂದ ಕಂದು ಗೋಡೆಯೊಂದು ಎದ್ದು ನಿಂತು ನಡೆಯತೊಡಗುತ್ತದೆ. ಕಿಟಕಿಗೆ ಒದ್ದೆ ಚಾದರ ಕಟ್ಟಿದರೂ ರಾತ್ರಿ ಮಲಗಿದವರ ಹಲ್ಲಿನ ನಡುವೆ ಮರಳು. ವರ್ಷಕ್ಕೆ ಅಲ್ಲಿ 360 ಮಿಲಿಮೀಟರ್ ಆಸುಪಾಸು ಮಳೆ. ನಮ್ಮಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದರ ಎರಡು ಮೂರು ಪಾಲು ಸುರಿಯುತ್ತದೆ. ಆದರೆ ಆ ಊರಿಗೆ ತನ್ನ ಬಡತನದ ಲೆಕ್ಕ ಚೆನ್ನಾಗಿ ಗೊತ್ತು. ಜೋಧ್‌ಪುರದ ಕೋಟೆಯ ಕೆಳಗೆ ರಾಣೀಸರ, ಪದ್ಮಸರ ಕೆರೆಗಳು. ಊರಾಚೆ 1872ರಲ್ಲಿ ಕಟ್ಟಿದ ಕಾಯಲಾನಾ ಕೆರೆ, ಅದಕ್ಕೆ ಈಗ ಪಂಜಾಬಿನ ಹರಿಕೆ ಬ್ಯಾರೇಜಿನಿಂದ ಹೊರಟ ಇಂದಿರಾಗಾಂಧಿ ನಾಲೆಯ ನೀರನ್ನು ಎತ್ತಿ ತಂದು ತುಂಬಿಸುತ್ತಾರೆ. ಹಿಮಾಚಲದ ಹಿಮ ಕರಗಿದ್ದು ಥಾರಿನ ಅಡುಗೆಮನೆಗೆ ಬರುತ್ತದೆ. ಗುಡ್ಡದ ಮೇಲೆ ಕಾಣುವ ಉಮೈದ್ ಭವನ ಅರಮನೆಯೂ ಬರಗಾಲದ ಕೂಸೇ. ಜನರಿಗೆ ಕೂಲಿ ಸಿಗಲೆಂದು 1929ರಲ್ಲಿ ಶುರುಮಾಡಿ 1943ರವರೆಗೆ ಕಟ್ಟಿಸಿದ್ದು. ಅರಮನೆ ಕಟ್ಟಿ ಹಸಿವು ನೀಗಿಸಿದ್ದು ಔದಾರ್ಯವೋ ಶೋಕಿಯೋ ಎಂದು ನಮ್ಮ ಕ್ವಾರ್ಟರ್ಸಿನಲ್ಲಿ ಚರ್ಚೆಯಾಗುತ್ತಿತ್ತು. ಕೂಲಿ ಸಿಕ್ಕಿತಲ್ಲ, ಸಾಕು ಎಂಬ ಪಕ್ಷ ನನ್ನದು.

ಪಕ್ಕದ ಕ್ವಾರ್ಟರ್ಸಿನಲ್ಲಿ ಶೇರ್‌ಗಢ ಕಡೆಯ ಹವಾಲ್ದಾರರೊಬ್ಬರ ಹೆಂಡತಿ. ಶೇರ್‌ಗಢ ಎಂದರೆ ಮನೆಗೊಬ್ಬ ಫೌಜಿ ಎನ್ನುವ ಸೀಮೆ. ಅವಳನ್ನು ನಾನು ಬಾಯಿಸಾ ಎಂದೇ ಕರೆದದ್ದು, ಹೆಸರು ಹಿಡಿದು ಕರೆದದ್ದಿಲ್ಲ. ಕೇರ್-ಸಾಂಗ್ರಿ ಎಂಬ ಒಣ ಕಾಯಿಗಳನ್ನು ರಾತ್ರಿಯಿಡೀ ನೆನೆಸುವುದು, ಸಜ್ಜೆಯ ರೊಟ್ಟಿ ತಟ್ಟುವುದು ಅವಳಿಂದ ಕಲಿತೆ. ಅವಳಿಗೆ ನಾನು ಪುಂಡಿ ಕಲಿಸಿದೆ. ತಿಂದು, ಬಾಯಿಗಿಂತ ಹೊಟ್ಟೆಗೆ ಹೆಚ್ಚು ಗೊತ್ತಾಗುವ ತಿಂಡಿ ಎಂದಳು. ಪತ್ರೊಡೆಗೆ ಕೆಸುವಿನ ಎಲೆ ಎಲ್ಲಿಯೂ ಸಿಗದೆ ಪಾಲಕಿನಲ್ಲಿ ಮಾಡಿದ್ದುಂಟು. ಅದನ್ನು ಪತ್ರೊಡೆ ಎಂದು ಕರೆಯುವ ಧೈರ್ಯ ಮಾತ್ರ ನನಗಾಗಲಿಲ್ಲ.

ಆಮೇಲೆ 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿಯಾಯಿತು. ಕೆಲವೇ ದಿನಗಳಲ್ಲಿ ಕಂಟೋನ್ಮೆಂಟಿನ ಗಂಡಸರೆಲ್ಲ ಗಡಿಗೆ ಹೋದರು. ಆಪರೇಷನ್ ಪರಾಕ್ರಮ್ ಎಂದು ಅದಕ್ಕೆ ಹೆಸರು. ವಾರದ ಮಾತು ಎಂದುಕೊಂಡದ್ದು 2002ರ ಅಕ್ಟೋಬರ್‌ವರೆಗೆ ಎಳೆಯಿತು. ಇವರದು ಸ್ಯಾಪರುಗಳ ಕೆಲಸ: ಗಡಿಯ ಹೊಲಗಳಲ್ಲಿ ಮೈನ್ ಹೂಳುವುದು, ಯುದ್ಧ ಆಗದೇ ಹೋದಾಗ ಅದೇ ಮೈನುಗಳನ್ನು ಒಂದೊಂದಾಗಿ ಎತ್ತುವುದು. ಹೂಳುವುದಕ್ಕಿಂತ ಎತ್ತುವುದು ಕಷ್ಟ. ಗಾಳಿಗೆ ಮರಳ ದಿಬ್ಬ ಜರುಗುತ್ತದೆ. ನಕ್ಷೆಯಲ್ಲಿ ಗುರುತಿಸಿದ ಜಾಗದಲ್ಲಿ ಮೈನ್ ಇರುವುದಿಲ್ಲ, ಇಲ್ಲ ಎಂದುಕೊಂಡಲ್ಲಿ ಇರುತ್ತದೆ. ಗುಂಡೊಂದು ಹಾರದೆಯೂ ಜನ ಸತ್ತರು, ಕಾಲು ಕಳೆದುಕೊಂಡರು. ಇವರು ಆ ದಿನಗಳ ಬಗ್ಗೆ ಹೆಚ್ಚು ಹೇಳಿದ್ದಿಲ್ಲ, ನಾನು ಕೇಳಿದ್ದೂ ಇಲ್ಲ. ಇವತ್ತಿಗೂ ತೋಟದಲ್ಲಿ ಗುದ್ದಲಿ ಎತ್ತುವ ಮೊದಲು ಒಮ್ಮೆ ನೆಲ ನೋಡುತ್ತಾರೆ, ಅಷ್ಟೇ.

ಆ ಹತ್ತು ತಿಂಗಳಲ್ಲಿ ಕ್ವಾರ್ಟರ್ಸು ನಮ್ಮದಾಯಿತು, ಹೆಂಗಸರದ್ದು. ರಾತ್ರಿ ಬ್ಲ್ಯಾಕೌಟಿನ ಅಭ್ಯಾಸ ಮಾಡಿಸುತ್ತಿದ್ದರು. 1965ರ ಯುದ್ಧದಲ್ಲಿ ಪಾಕಿಸ್ತಾನದ ಬಾಂಬು ಜೋಧ್‌ಪುರದ ಜೈಲಿನ ಮೇಲೆ ಬಿದ್ದು ಕೈದಿಗಳು ಸತ್ತದ್ದನ್ನು ಹಳಬರು ನೆನಪಿಸುತ್ತಿದ್ದರು. ನಾನು ಸ್ಕೂಟಿ ಕಲಿತದ್ದು ಆಗ. ಯಾರಿಗೋ ಹೆರಿಗೆ ನೋವು, ಯಾವುದೋ ಮಗುವಿಗೆ ಜ್ವರ, ಮಿಲಿಟರಿ ಆಸ್ಪತ್ರೆಗೆ ಓಡಬೇಕು. ಸೆರಗು ಸೊಂಟಕ್ಕೆ ಸಿಕ್ಕಿಸಿ ಪಾವಟಾ ಚೌಕದ ಮೇಜರ್ ಶೈತಾನ್ ಸಿಂಗರ ಪ್ರತಿಮೆ ಸುತ್ತಿಕೊಂಡು ಹೋಗುತ್ತಿದ್ದೆ. 1962ರಲ್ಲಿ ರೆಝಾಂಗ್ ಲಾದ ಹಿಮದಲ್ಲಿ ಪ್ರಾಣ ಕೊಟ್ಟ ಆ ಪರಮವೀರ ಚಕ್ರದ ವೀರ ಇದೇ ಮರಳಿನ ಸೀಮೆಯವರು. ಬ್ಯಾಂಕಿಗೆ ಹೋಗುವುದು, ಮನಿ ಆರ್ಡರ್ ಕಳಿಸುವುದು, ವೆಲ್‌ಫೇರ್ ಸೆಂಟರಿನಲ್ಲಿ ಹೊಲಿಗೆಯ ಕ್ಲಾಸು ನಡೆಸುವುದು ಎಲ್ಲ ಕೈಗೆ ಬಂತು. ಮೇಮ್‌ಸಾಬರ ಎದುರು ನಿಂತು ಹಿಂದಿಯಲ್ಲಿ ಲೆಕ್ಕಪತ್ರ ಓದಿದೆ. (ಆ ಮೀಟಿಂಗುಗಳಲ್ಲಿ ಯಾರ ಕುರ್ಚಿ ಯಾವ ಸಾಲಿನಲ್ಲಿ ಎಂಬುದು ಗಂಡಂದಿರ ರ‍್ಯಾಂಕಿನ ಮೇಲೆ ನಿಂತಿರುತ್ತಿತ್ತು. ಆ ಒಂದು ಸಂಗತಿ ನನಗೆ ಕೊನೆಯವರೆಗೂ ಹಿಡಿಸಲಿಲ್ಲ.) ವೇಣೂರಿನಲ್ಲಿ ನಾನು ಇಂಥವರ ಮಗಳು, ಮಿಜಾರಿನಲ್ಲಿ ಇಂಥ ಮನೆಯ ಸೊಸೆ. ಜೋಧ್‌ಪುರದಲ್ಲಿ ನನ್ನನ್ನು ಹುಡುಕಿಕೊಂಡು ಜನ ಬರುತ್ತಿದ್ದರು.

ಇವರಿಗೆ ಮುಂದೆ ಫೀಲ್ಡ್ ಪೋಸ್ಟಿಂಗ್ ಬಂದಾಗ ಮಕ್ಕಳ ಕೇಂದ್ರೀಯ ವಿದ್ಯಾಲಯ ತಪ್ಪಬಾರದೆಂದು ನಾನು ಅಲ್ಲಿಯೇ ಸೆಪರೇಟೆಡ್ ಫ್ಯಾಮಿಲಿ ಕ್ವಾರ್ಟರ್ಸಿನಲ್ಲಿ ಉಳಿದೆ. ಹಾಗಾಗಿ ನಿವೃತ್ತಿಯ ಮಾತು ಬರುವಾಗ ಆ ಊರಿನಲ್ಲಿ ಇವರು ಅತಿಥಿ, ನಾನು ನಿವಾಸಿ.

ಕಂಟೋನ್ಮೆಂಟಿನ ಸುತ್ತ ನಿವೃತ್ತರು ನೆಲೆಸುವುದು ಅಲ್ಲಿನದೇ ವಿಶೇಷವಲ್ಲ. ಅಮೆರಿಕದ ಅರಿಜೋನಾದಲ್ಲಿರುವ ನಮ್ಮ ಸಂಬಂಧಿಕರ ಹುಡುಗನೊಬ್ಬ ಸಿಯೆರಾ ವಿಸ್ಟಾ ಎಂಬ ಊರಿನ ಬಗ್ಗೆ ಹೇಳುತ್ತಿದ್ದ. ಪಕ್ಕದಲ್ಲೇ 1877ರಲ್ಲಿ ಶುರುವಾದ ಫೋರ್ಟ್ ಹುವಾಚುಕಾ ಎಂಬ ಸೇನಾ ನೆಲೆ, ಸುತ್ತ ಮರುಭೂಮಿ, ಅಲ್ಲಿ ಕೆಲಸ ಮಾಡಿದವರು ನಿವೃತ್ತಿಯ ಮೇಲೂ ಅಲ್ಲೇ ಉಳಿಯುತ್ತಾರಂತೆ. ಕಾರಣ ಕೇಳಿದರೆ ಬನಾಡ್ ರಸ್ತೆಯವರು ಹೇಳುವುದನ್ನೇ ಅವರೂ ಹೇಳಿಯಾರು: ಆಸ್ಪತ್ರೆ, ಕ್ಯಾಂಟೀನು, ಒಣ ಹವೆ, ಮತ್ತೆ ಬೆಳಿಗ್ಗೆ ಎದ್ದು ವಾಕಿಂಗ್ ಹೊರಟರೆ ತನ್ನ ಭಾಷೆ ಬಲ್ಲ ನಾಲ್ಕು ಜನ. ಭಾಷೆ ಎಂದರೆ ತುಳುವೋ ಮಾರವಾಡಿಯೋ ಅಲ್ಲ. ಲೀವು, ರೇಷನ್ನು, ಪೋಸ್ಟಿಂಗು, ಪೆನ್ಶನ್ನು. ಮಾಜಿ ಸೈನಿಕರ ಇಸಿಎಚ್‌ಎಸ್ ಆರೋಗ್ಯ ಯೋಜನೆ 2003ರಲ್ಲಿ ಶುರುವಾಗಿತ್ತು. ಕೇರಳದವರು, ಗಢ್‌ವಾಲಿನವರು, ಆಂಧ್ರದವರು ಕೆಲವರು ಪ್ಲಾಟ್ ಕೊಂಡಾಗಿತ್ತು. ಮೊಣಕಾಲು ನೋವಿಗೆ ನಮ್ಮ ಕರಾವಳಿಯ ಥಂಡಿಗಿಂತ ಆ ಒಣ ಬಿಸಿಲು ಎಷ್ಟೋ ವಾಸಿ. ನಾನು ಅಡ್ವಾನ್ಸು ಕೊಡುವಷ್ಟರ ಮಟ್ಟಿಗೆ ಮಾತಾಡಿ ಬಂದಿದ್ದೆ.

ಇವರ ವಾದ ಬೇರೆ. ‘ಇಲ್ಲಿ ನಮ್ಮ ಮಗಳಿಗೆ ಸಂಬಂಧ ತರುವವರು ಯಾರು?’ ಎಂಬುದು ಮೊದಲನೆಯದು. ‘ಮನೆಯ ದೈವಕ್ಕೆ ತಂಬಿಲ ಕೊಡುವ ಸರದಿ ಬಂದಾಗ ಎರಡು ದಿನದ ರೈಲು ಹಿಡಿದು ಹೋಗುತ್ತೀಯಾ?’ ಎಂಬುದು ಎರಡನೆಯದು. ಮೂರನೆಯದನ್ನು ಬಾಯಿಬಿಟ್ಟು ಹೇಳಲಿಲ್ಲ: ಅತ್ತೆ ಒಬ್ಬರೇ ಇದ್ದರು, ಮತ್ತು ಊರಲ್ಲಿ ಇಲ್ಲದವನ ಪಾಲು ಪಾಲುಪಟ್ಟಿಯ ದಿನ ಎಷ್ಟು ಕಿರಿದಾಗುತ್ತದೆ ಎಂಬುದು ತುಳುನಾಡಿನಲ್ಲಿ ಯಾರಿಗೂ ಹೊಸ ವಿಷಯವಲ್ಲ. ನಾನು ಇದಕ್ಕೆಲ್ಲ ಜಗ್ಗಲಿಲ್ಲ. ಹುಟ್ಟೂರಿನ ಮಣ್ಣಿನ ಸೆಳೆತ ಎಂದೆಲ್ಲ ಹೇಳುವವರನ್ನು ಕಂಡರೆ ನನಗೆ ಅನುಮಾನ. ಸೆಳೆತ ಹೆಚ್ಚಾಗಿ ಗಂಡಸರಿಗೆ. ಅವರು ಹೋಗುವುದು ತಮ್ಮ ಮನೆಗೆ. ನಾವು ಹೋಗುವುದು ಅವರ ಮನೆಗೆ.

2006ರ ಆಗಸ್ಟಿನಲ್ಲಿ, ಇವರು ಬಿಡುಗಡೆಯಾಗಿ ಬರುವ ಹೊತ್ತಿಗೆ, ಯಾರೂ ಎಣಿಸದ್ದು ನಡೆಯಿತು. ಬಾಡ್‌ಮೇರ್ ಜಿಲ್ಲೆಯಲ್ಲಿ ನೆರೆ. ಕವಾಸ್ ಎಂಬ ಊರು ಮುಳುಗಿತು, ನೂರಕ್ಕೂ ಹೆಚ್ಚು ಜನ ಸತ್ತರು, ಮರುಭೂಮಿಯಲ್ಲಿ ಸೇನೆಯ ದೋಣಿಗಳು ಓಡಾಡಿದವು. ಮರಳು ಎಷ್ಟು ನೀರನ್ನಾದರೂ ಕುಡಿದೀತು ಎಂದೇ ಎಲ್ಲರ ಲೆಕ್ಕ. ಆದರೆ ಅಲ್ಲಿ ಕೆಳಗೆ ಜಿಪ್ಸಮ್ಮಿನ ಪದರ. ನೀರು ಇಂಗಲು ದಾರಿಯಿಲ್ಲದೆ ತಿಂಗಳುಗಟ್ಟಲೆ ಕೆರೆಯಾಗಿ ನಿಂತಿತು. ಟಿವಿ ನೋಡುತ್ತ ಇವರು ಗೋಡೆಗೆ ಸೀಮೆಸುಣ್ಣದಲ್ಲಿ ನೆಲದ ಅಡ್ಡಕೊಯ್ತ ಬರೆದು ಮಕ್ಕಳಿಗೆ ವಿವರಿಸಿದರು. ‘ನೋಡು, ಇಲ್ಲಿ ಮಳೆ ಬಂದರೂ ಕಷ್ಟ’ ಎಂದರು ನನಗೆ. ನೆರೆಯನ್ನೂ ತಮ್ಮ ವಾದಕ್ಕೆ ಸಾಕ್ಷಿ ಕರೆಸಿಕೊಂಡರಲ್ಲ ಎಂದು ಸಿಟ್ಟು ಬಂತು. ನಾನು ನಮ್ಮ ಮುರಕಲ್ಲಿನ ಚಿತ್ರವನ್ನೂ ಬರೆಯಿರಿ ಎಂದೆ. ಅದು ತೂತಿನ ಕಲ್ಲು. ನಾಲ್ಕು ಸಾವಿರ ಮಿಲಿಮೀಟರ್ ಹತ್ತಿರ ಸುರಿದದ್ದು ತೋಡಿಗೆ, ತೋಡಿನಿಂದ ಫಲ್ಗುಣಿಗೆ, ಫಲ್ಗುಣಿಯಿಂದ ಗುರುಪುರದ ಮೇಲಾಗಿ ಅರಬ್ಬಿಗೆ. ದೀಪಾವಳಿಗೆ ತುಂಬಿ ತುಳುಕುವ ಬಾವಿಯಲ್ಲಿ ಏಪ್ರಿಲಿಗೆ ಕೊಡಪಾನ ಕಲ್ಲಿಗೆ ತಾಗುತ್ತದೆ. ಇವರು ಬರೆಯಲಿಲ್ಲ.

ತೀರ್ಮಾನವಾದದ್ದು ವಾದದಿಂದಲ್ಲ. ಸೆಪ್ಟೆಂಬರಿನಲ್ಲಿ ಅತ್ತೆ ಅಂಗಳದ ಪಾಚಿಗೆ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಫೋನ್ ಬಂದ ರಾತ್ರಿ ಟ್ರಂಕುಗಳನ್ನು ಹೊರಗೆಳೆದವಳು ನಾನೇ. ಯಾರೂ ಹೇಳಿರಲಿಲ್ಲ. ಬಾಯಿಸಾ ರೈಲ್ವೆ ಸ್ಟೇಷನ್ನಿಗೆ ಬಂದು ದಾರಿಗೆಂದು ಪುಟ್ಟ ಗಡಿಗೆಯಲ್ಲಿ ಕಾಯಲಾನಾದ ನೀರು ತುಂಬಿಸಿ ಕೊಟ್ಟಳು. ನೀರಿನ ಊರಿಗೆ ಹೋಗುವವಳಿಗೆ ನೀರೇಕೆ ಎಂದು ಯಾರೋ ನಕ್ಕರು, ಅವಳು ನಗಲಿಲ್ಲ.

ಮಿಜಾರು ನಾನು ಬಿಟ್ಟುಹೋದ ಹಾಗೆ ಉಳಿಯಲಿಲ್ಲ. ಮರುವರ್ಷ, 2007ರಲ್ಲಿ, ಬಡಗಮಿಜಾರಿನ ಗುಡ್ಡೆಯಲ್ಲಿ ಎಂಐಟಿಇ ಎಂಬ ಇಂಜಿನಿಯರಿಂಗ್ ಕಾಲೇಜು ಶುರುವಾಯಿತು. ಅದರ ಮರುವರ್ಷ ಆಳ್ವಾಸ್‌ನವರದ್ದು. ಗೋಮಾಳದಂತಿದ್ದ ಕಡೆ ಹಾಸ್ಟೆಲು, ಝೆರಾಕ್ಸ್ ಅಂಗಡಿ, ಗೋಬಿ ಮಂಚೂರಿ. ಬಿಹಾರದ, ಉತ್ತರಪ್ರದೇಶದ ಹುಡುಗರು ನಮ್ಮಲ್ಲಿ ಬಾಡಿಗೆಗೆ ರೂಮು ಕೇಳಿಕೊಂಡು ಬಂದರು. ಅವರೊಂದಿಗೆ ಹಿಂದಿ ಮಾತಾಡಲು ಅಕ್ಕಪಕ್ಕದವರು ನನ್ನನ್ನು ಕರೆಯತೊಡಗಿದರು. ನನ್ನ ಸ್ಕೂಟಿ ಮೊದಲ ತಿಂಗಳು ಊರಿಗೆ ತಮಾಷೆಯಾಯಿತು, ಆಮೇಲೆ ಉಪಯೋಗಕ್ಕೆ ಬಂತು. ಇವರ ಮೇಲಿದ್ದ ಗೌರವದ ಬಹುಪಾಲು ಕ್ಯಾಂಟೀನಿನ ರಮ್ಮಿನ ಕೋಟಾಕ್ಕೆ ಸಂಬಂಧಿಸಿದ್ದು. ತಿಂಗಳ ಮೊದಲ ವಾರ ಬರುವ ನೆಂಟರ ಸಂಖ್ಯೆಯೇ ಬೇರೆ. ಅತ್ತೆ ಮತ್ತೆ ಎದ್ದು ಕೋಲೂರಿ ನಡೆದರು, ಹಲವು ವರ್ಷ ಬದುಕಿದರು. ಮಗಳ ಮದುವೆ ಕೊನೆಗೆ ಆದದ್ದು ಅವಳ ಆಫೀಸಿನ ಪಂಜಾಬಿ ಹುಡುಗನೊಂದಿಗೆ, ಇವರ ಮೊದಲನೆಯ ವಾದ ಅಲ್ಲಿಗೆ ಮುಗಿಯಿತು.

ಜೋಧ್‌ಪುರದ ನಂಟು ಕಡಿಯಲಿಲ್ಲ. 2020ರ ಫೆಬ್ರವರಿಯಲ್ಲಿ ಒಂದು ದಿನ ಬಾಯಿಸಾ ಫೋನು ಮಾಡಿ ಕಿರುಚಿದಳು, ‘ಟಿವಿಯಲ್ಲಿ ನಿನ್ನ ಊರು!’ ನಮ್ಮ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು ಐಕಳ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಕೋಣಗಳ ಹಿಂದೆ ಓಡಿದ ಸುದ್ದಿ. ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ 9.55 ಎಂದು ಲೆಕ್ಕ ಹಾಕಿ ಉಸೇನ್ ಬೋಲ್ಟ್‌ಗೆ ಹೋಲಿಸಿದ್ದರು. ಕ್ರೀಡಾ ಪ್ರಾಧಿಕಾರದ ಟ್ರಯಲ್ಸಿಗೆ ಕೇಂದ್ರದ ಮಂತ್ರಿಗಳೇ ಕರೆದರೂ ಆತ ಕಂಬಳವೇ ಸಾಕೆಂದದ್ದು ಬಾಯಿಸಾಗೆ ಅರ್ಥವೇ ಆಗಲಿಲ್ಲ. ‘ಸರ್ಕಾರ ಕರೆದರೆ ಹೋಗಬೇಡವೇ?’ ಕೆಸರುಗದ್ದೆಯ ಓಟ ಬೇರೆ, ಸಿಂಥೆಟಿಕ್ ಟ್ರ್ಯಾಕು ಬೇರೆ ಎಂದು ವಿವರಿಸಿದೆ. ಕೆಸರು ಎಂದರೆ ಏನು ಎಂಬಲ್ಲಿಂದ ಶುರುಮಾಡಬೇಕಾಯಿತು.

ಎರಡು ವರ್ಷ ಬಿಟ್ಟು ಅವಳೇ ಗಂಡನೊಂದಿಗೆ ಬಂದಳು, ಅದೂ ಜುಲೈಯಲ್ಲಿ. ಬೇಡ, ಡಿಸೆಂಬರಿನಲ್ಲಿ ಬಾ ಎಂದರೆ ಕೇಳಲಿಲ್ಲ, ಮಳೆ ನೋಡಬೇಕಂತೆ. ಮೊದಲ ದಿನ ಚಾವಡಿಯಲ್ಲಿ ಕೂತು ಸೂರಿನ ನೀರನ್ನೇ ನೋಡಿದಳು. ಮೂರನೆಯ ದಿನ ಒಣಗದ ಲಹಂಗ ಹಿಡಿದು ಅಳುವಂತಾದಳು. ಪೆಟ್ಟಿಗೆಯಲ್ಲಿದ್ದ ಅವಳ ಚರ್ಮದ ಮೋಜಡಿಗೆ ಬೂಷ್ಟು ಹಿಡಿದಿತ್ತು. ಸಾವಿರ ಕಂಬದ ಬಸದಿಗೆ ಕರೆದುಕೊಂಡು ಹೋದೆ. 1430ರಲ್ಲಿ ಕಟ್ಟಿಸಿದ್ದು, ನೋಡು, ಎಷ್ಟೊಂದು ಕಂಬ ಎಂದರೆ ಅವಳು ನೋಡಿದ್ದು ಮಾಡನ್ನು. ಇಳಿಜಾರಿನಿಂದ ಇಷ್ಟು ನೀರು ಹರಿದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಳು. ಸಮುದ್ರಕ್ಕೆ ಎಂದೆ. ‘ಮತ್ತೆ ಏಪ್ರಿಲಿನಲ್ಲಿ ಫೋನು ಮಾಡಿದಾಗಲೆಲ್ಲ ಟ್ಯಾಂಕರ್ ನೀರು ಅನ್ನುತ್ತೀಯಲ್ಲ?’

ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ, ಇವರ ಹತ್ತಿರವೂ. ಆದರೆ ಇವರು ಕಾಗದ ತೆಗೆದು ಲೆಕ್ಕ ಹಾಕಿದರು. 100 ಚದರ ಮೀಟರಿನ ಮಾಡಿನ ಮೇಲೆ ನಮ್ಮಲ್ಲಿ ವರ್ಷಕ್ಕೆ 4 ಲಕ್ಷ ಲೀಟರಿನ ಹತ್ತಿರ ಬೀಳುತ್ತದೆ. ಅದೇ ಮಾಡು ಜೋಧ್‌ಪುರದಲ್ಲಿದ್ದರೆ 36,000. ಆ 36,000ವನ್ನು ಅವರು ನೆಲದೊಳಗಿನ ಟಾಂಕಾದಲ್ಲಿ ತುಂಬಿಸಿಟ್ಟುಕೊಂಡು ಬೇಸಿಗೆ ದಾಟಿಸುತ್ತಾರೆ. ಬಾಯಿಸಾಳ ಗಂಡ ಅಂಗಳದಲ್ಲಿ ಕೊಡೆ ಹಿಡಿದು ನಿಂತು ಜಾಗ ತೋರಿಸಿದರು. ನಮ್ಮ ಸುಬೇದಾರರು ಅಳತೆ ಬರೆದುಕೊಂಡರು. ಆ ಮಳೆಗಾಲ ಮುಗಿಯುವ ಮೊದಲೇ, ಮಳೆ ಬಿಡುವು ಕೊಟ್ಟಾಗ, ಮುರಕಲ್ಲನ್ನು ದುಂಡಗೆ ಕೊರೆದು, ಒಳಗೆ ಸಿಮೆಂಟಿನ ಗಿಲಾವು ಹಾಕಿ, ಮೇಲೆ ಸ್ಲ್ಯಾಬು ಮುಚ್ಚಿದರು. ಮಾಡಿನ ಮೊದಲ ಮಳೆಯ ಕೊಳೆ ನೀರು ಆಚೆ ಹೋಗಲು ಒಂದು ಬೇರೆ ಪೈಪು. ಬಾವಿ ಇರುವ ಮನೆಯವ ಗುಂಡಿ ತೋಡಿದ ಎಂದು ಊರವರು ಆಡಿಕೊಂಡರು. 2023ರ ಬೇಸಿಗೆಯಲ್ಲಿ ಮಳೆ ತಡವಾದಾಗ ಅವರಲ್ಲಿ ಕೆಲವರು ಕೊಡ ಹಿಡಿದು ಬಂದರು.

ಈಗ ಮನೆಯಲ್ಲಿ ಒಂದೇ ತಕರಾರು. ಮಾರವಾಡದಲ್ಲಿ ಟಾಂಕಾದ ಬಾಯಿಗೆ ಬೀಗ ಹಾಕುತ್ತಾರೆ; ತುಪ್ಪ ಚೆಲ್ಲಿದರೂ ಪರವಾಗಿಲ್ಲ, ನೀರು ಚೆಲ್ಲಬಾರದು ಎನ್ನುವ ಜನ ಅವರು. ಬಾಯಿಸಾ ಹೋಗುವಾಗ ನನಗೆ ಒತ್ತಿ ಹೇಳಿದ್ದೂ ಅದನ್ನೇ. ಕುಡಿಯುವ ನೀರಿಗೆ ಬೀಗ ಹಾಕಿದವರು ನಮ್ಮ ಕುಟುಂಬದಲ್ಲಿ ಇಲ್ಲ, ಊರು ಏನೆಂದೀತು ಎನ್ನುತ್ತಾರೆ ಇವರು. ನಾನು ಹಾಕಬೇಕು ಎನ್ನುವವಳು. ಕೇಳಿ ಬಂದವರಿಗೆ ಬೀಗ ತೆಗೆದು ಕೊಡೋಣ, ಎಷ್ಟು ಕೊಡ ಹೋಯಿತೆಂದು ಲೆಕ್ಕವಾದರೂ ಇರಲಿ. ಕೀಲಿಕೈ ನನ್ನ ಹತ್ತಿರ ಇರಬೇಕು ಎಂದೂ ಹೇಳಿದ್ದೇನೆ.